ರೋಲ್20, ಫೌಂಡ್ರಿ, ಔಲ್‌ಬೇರ್ ರೋಡಿಯೊ: ನಮ್ಮ ಮಳೆಗಾಲಕ್ಕೆ ಯಾವುದು ತಾಳುತ್ತದೆ?

ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಥರದ, ಪಾತ್ರ ವಹಿಸಿ ದಾಳ ಹಾಕುತ್ತ ಕತೆ ಕಟ್ಟುವ ಆಟಕ್ಕೆ ಡಿಎಂ (ಕತೆ ನಡೆಸುವವರು) ಸೇರಿ ಐದು ಜನ ಬೇಕು ಅಂದುಕೊಳ್ಳಿ. ಒಬ್ಬರು ಶಿರಸಿ, ಇಬ್ಬರು ಕುಮಟಾ, ಇನ್ನಿಬ್ಬರು ಕಾರವಾರ ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದೇ ಮೇಜಿಗೆ ಕೂರುವುದು ಕಷ್ಟ. ಶಿರಸಿಯಿಂದ ಕುಮಟಾಕ್ಕೆ ಸುಮಾರು 60 ಕಿ.ಮೀ., ನಡುವೆ ದೇವಿಮನೆ ಘಟ್ಟ. ಕೆಳಗೆ ಇಳಿದರೂ ಹೆದ್ದಾರಿಯ ಭರವಸೆ ಇಲ್ಲ; 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದಾಗ ಅಂಕೋಲಾ ಬಳಿ ದಿನಗಟ್ಟಲೆ ರಸ್ತೆ ಬಂದಾಗಿತ್ತು. ಹಾಗಾಗಿ ಮಳೆಗಾಲದಲ್ಲಿ ಆನ್‌ಲೈನ್ ಆಟವೇ ಗತಿ. ಅದಕ್ಕೆ ಮ್ಯಾಪು, ದಾಳ ಇರುವ ಮೇಜನ್ನು ಪರದೆಯ ಮೇಲೆ ಒದಗಿಸುವ ಮೂರು ಸೇವೆ ರೋಲ್20, ಫೌಂಡ್ರಿ, ಔಲ್‌ಬೇರ್ ರೋಡಿಯೊ. ಈ ಸೇವೆಗಳನ್ನು ಸಾಮಾನ್ಯವಾಗಿ ಬೆಳಕಿನ ಎಫೆಕ್ಟು, ಅನಿಮೇಷನ್ನು ನೋಡಿ ಹೊಗಳುತ್ತಾರೆ. ನಮ್ಮ ಕಡೆಗೆ ಬೇಕಾದ ಪರೀಕ್ಷೆ ಬೇರೆ: ಕರೆಂಟು ಹೋದಾಗ ಯಾರ ಆಟ ನಿಲ್ಲುತ್ತದೆ?

ಮೊದಲು ಫೌಂಡ್ರಿ, ಏಕೆಂದರೆ ಎಲ್ಲರೂ ಆಸೆಪಡುವುದು ಅದಕ್ಕೇ. ಒಮ್ಮೆ 50 ಡಾಲರ್ ಮತ್ತು ತೆರಿಗೆ ಕೊಟ್ಟರೆ ಆಯಿತು, ತಿಂಗಳ ಬಾಡಿಗೆ ಇಲ್ಲ. ಡಿಎಂ ಒಬ್ಬರು ಕೊಂಡರೆ ಸಾಕು, ಉಳಿದವರು ಬ್ರೌಸರ್‌ನಲ್ಲೇ ಬರುತ್ತಾರೆ. ಗೋಡೆ, ಬಾಗಿಲು, ದೀಪ, ಹಾನಿಯ ಲೆಕ್ಕ ಎಲ್ಲವೂ ಅಚ್ಚುಕಟ್ಟು. ಮೂರರಲ್ಲಿ ಒಳ್ಳೆಯ ಸಾಫ್ಟ್‌ವೇರ್ ಇದೇ. ಆದರೆ ಸರ್ವರ್ ಎಂದರೆ ಡಿಎಂ ಮನೆಯ ಲ್ಯಾಪ್‌ಟಾಪ್. ಅಲ್ಲಿ ಕರೆಂಟು ಹೋಗಿ ರೌಟರ್ ಸತ್ತರೆ ಐದೂ ಜನರ ಆಟ ಅಲ್ಲಿಗೆ ನಿಂತಿತು.

ಇನ್ನೊಂದು ತೊಡಕು ಸಿಜಿನ್ಯಾಟ್. ಎಷ್ಟೋ ಮನೆ ಕನೆಕ್ಷನ್‌ಗಳಲ್ಲಿ ಒಂದೇ ಸಾರ್ವಜನಿಕ ಐಪಿ ವಿಳಾಸವನ್ನು ಹಲವು ಮನೆಗಳಿಗೆ ಹಂಚಿರುತ್ತಾರೆ. ಆಗ ರೌಟರ್‌ನಲ್ಲಿ ಫೌಂಡ್ರಿಯ ಬಾಗಿಲಾದ 30000ನೇ ಪೋರ್ಟ್ ತೆರೆದು ಎಷ್ಟು ಕಾದರೂ ಹೊರಗಿನವರು ಒಳಗೆ ಬರಲಾರರು. ಇದನ್ನು ಕೊಳ್ಳುವ ಮೊದಲೇ ನೋಡಿಕೊಳ್ಳಬಹುದು: ರೌಟರ್‌ನ ಸೆಟ್ಟಿಂಗ್ ಪುಟದಲ್ಲಿ ವ್ಯಾನ್ ಐಪಿ (ಹೊರಗಿನ ನೆಟ್ಟಿನ ಕಡೆಯ ವಿಳಾಸ) 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ಸಿಜಿನ್ಯಾಟ್ ಎಂದೇ ಅರ್ಥ. ದಾರಿಗಳಿವೆ: ಮನೆಗೇ ಮೀಸಲಾದ ಸ್ಟ್ಯಾಟಿಕ್ ಐಪಿ ಕೇಳಿ ಪಡೆಯುವುದು, ಎಲ್ಲರ ಕಂಪ್ಯೂಟರನ್ನೂ ಒಂದೇ ಖಾಸಗಿ ನೆಟ್ಟಿಗೆ ಸೇರಿಸುವ ಟೇಲ್‌ಸ್ಕೇಲ್ ಹಾಕಿಕೊಳ್ಳುವುದು, ಇಲ್ಲವೇ ದ ಫೋರ್ಜ್‌ನಂಥ ಕಡೆ ಬಾಡಿಗೆ ಸರ್ವರ್ ಹಿಡಿಯುವುದು. ಬಾಡಿಗೆ ಹಿಡಿದರೆ ಕರೆಂಟಿನ ಚಿಂತೆಯೂ ತಪ್ಪುತ್ತದೆ, ಆದರೆ ‘ಒಮ್ಮೆ ಕೊಟ್ಟರೆ ಆಯಿತು’ ಎಂಬ ಮಾತು ಉಳಿಯುವುದಿಲ್ಲ.

ಮ್ಯಾಪ್‌ನ ತೂಕವನ್ನು ಮಾತ್ರ ಯಾರೂ ಲೆಕ್ಕ ಹಾಕುವುದಿಲ್ಲ. 12 ಎಂಬಿಯ ಪಿಎನ್‌ಜಿ ಮ್ಯಾಪ್ ನಾಲ್ವರು ಆಟಗಾರರಿಗೆ ಹೋಗಬೇಕಾದರೆ ಡಿಎಂ ಮನೆಯಿಂದ 48 ಎಂಬಿ ಮೇಲೇರಬೇಕು. ಅಪ್‌ಲೋಡ್ 10 ಎಂಬಿಪಿಎಸ್ ಇದ್ದರೆ ನಲವತ್ತು ಸೆಕೆಂಡು. ಫೋನ್ ಹಾಟ್‌ಸ್ಪಾಟ್‌ನಲ್ಲಿ 2 ಎಂಬಿಪಿಎಸ್‌ಗೆ ಇಳಿದರೆ ಮೂರು ನಿಮಿಷ ದಾಟುತ್ತದೆ. ಅಷ್ಟು ಹೊತ್ತು ಎಲ್ಲರೂ ಕಪ್ಪು ಪರದೆ ನೋಡುತ್ತ ಕೂರಬೇಕು. 30×20 ಚೌಕದ ಮ್ಯಾಪ್‌ಗೆ ಚೌಕಕ್ಕೆ 70 ಪಿಕ್ಸೆಲ್, ಅಂದರೆ 2100×1400, ಧಾರಾಳ ಸಾಕು. ಅದನ್ನು ವೆಬ್‌ಪಿ ಎಂಬ ಹಗುರ ಚಿತ್ರ ಮಾದರಿಗೆ ಬದಲಿಸಿ ಇಟ್ಟರೆ ಸಾಮಾನ್ಯವಾಗಿ ಒಂದೆರಡು ಎಂಬಿ ಒಳಗೇ ಮುಗಿಯುತ್ತದೆ. ಆಟ ಶುರುವಾಗುವ ಅರ್ಧ ಗಂಟೆ ಮೊದಲೇ ಎಲ್ಲರೂ ಒಮ್ಮೆ ಆ ದೃಶ್ಯ ತೆರೆದು ನೋಡಿದರೆ ಇನ್ನೂ ಒಳ್ಳೆಯದು. ಹಳೇ ಲ್ಯಾಪ್‌ಟಾಪ್‌ನವರು ಬ್ರೌಸರ್‌ನಲ್ಲಿ ಹಾರ್ಡ್‌ವೇರ್ ಆ್ಯಕ್ಸಲರೇಷನ್ (ಚಿತ್ರದ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ಬಿಡುವ ಸೆಟ್ಟಿಂಗ್) ಚಾಲೂ ಇದೆಯೇ ನೋಡಿಕೊಳ್ಳಲಿ. ಆಫ್ ಆಗಿದ್ದರೆ ಫೌಂಡ್ರಿ ತೆವಳುತ್ತದೆ, ಬೈಗುಳ ಮಾತ್ರ ನೆಟ್ಟಿಗೆ ಬೀಳುತ್ತದೆ.

ರೋಲ್20 ಹಳಬ, 2012ರಿಂದ ಇದೆ. ಖಾತೆ ಪುಕ್ಕಟೆ, ಕ್ಯಾರೆಕ್ಟರ್ ಶೀಟ್ (ಪಾತ್ರದ ಬಲಾಬಲ ಬರೆಯುವ ಹಾಳೆ) ಒಳಗೇ ಇದೆ, ‘/r 1d20+5’ ಎಂದು ಚಾಟ್‌ನಲ್ಲೇ ಬರೆದು ಇಪ್ಪತ್ತು ಮುಖದ ದಾಳ ಹಾಕಿ ಐದು ಕೂಡಿಸಬಹುದು. ಎಲ್ಲವೂ ಅವರ ಸರ್ವರ್‌ನಲ್ಲಿರುವುದರಿಂದ ಡಿಎಂ ಮನೆಯಲ್ಲಿ ಕರೆಂಟು ಹೋದರೂ ಮೇಜು ಅಲ್ಲೇ ಇರುತ್ತದೆ. ಪಾತ್ರದ ಕಾಯಿ, ಅಂದರೆ ಟೋಕನ್, ಇದ್ದಲ್ಲೇ; ಪ್ರಾಣದ ಅಂಕ ಇದ್ದಷ್ಟೇ. ಡಿಎಂ ಫೋನಿನಲ್ಲಿ ಮಾತು ಮುಂದುವರಿಸಿದರೆ ಆಟ ನಿಲ್ಲುವುದಿಲ್ಲ. ನೋಡಲು ಹಳೇ ಸರ್ಕಾರಿ ವೆಬ್‌ಸೈಟಿನ ಕಳೆ ಇದೆ, ಸೆಟ್ಟಿಂಗ್ ಹುಡುಕಿ ತಲೆ ಕೆಡುತ್ತದೆ. ಫೋನ್ ಪರದೆಯಲ್ಲಿ ಮ್ಯಾಪ್ ನಡೆಸುವುದಂತೂ ಬೇಡ. ಆದರೂ ಎಲ್ಲರ ಬಳಿ ಲ್ಯಾಪ್‌ಟಾಪ್ ಇರುವ ಗುಂಪಿಗೆ ಜುಲೈ ತಿಂಗಳಲ್ಲಿ ಫೌಂಡ್ರಿಗಿಂತ ಇದೇ ವಾಸಿ.

ಔಲ್‌ಬೇರ್ ರೋಡಿಯೊದಲ್ಲಿ ಮ್ಯಾಪ್, ಟೋಕನ್, ಇನ್ನೂ ಕಾಣದ ಜಾಗ ಮರೆಮಾಡುವ ಮುಸುಕು, ದಾಳ, ಅಷ್ಟೇ. ಆಟಗಾರರಿಗೆ ಖಾತೆಯೂ ಬೇಡ, ಲಿಂಕ್ ಒತ್ತಿದರೆ ಒಳಗೆ. ಶೀಟ್ ಕಾಗದದ ಮೇಲಿರಬೇಕಾದ್ದರಿಂದ ನೆಟ್ ಹೋದರೂ ಲೆಕ್ಕ ಕೈಯಲ್ಲೇ ಉಳಿಯುತ್ತದೆ. ಹೊಸಬರ ಗುಂಪಿಗೆ ಹೇಳುವುದಾದರೆ ಇದು ಮತ್ತು ಗುಂಪಾಗಿ ಮಾತಾಡುವ ಆ್ಯಪ್ ಡಿಸ್ಕಾರ್ಡ್, ಬೇರೇನೂ ಬೇಡ. ನಿಯಮಕ್ಕೂ ದುಡ್ಡು ಕೊಡಬೇಕಿಲ್ಲ: 2023ರ ಜನವರಿಯಲ್ಲಿ ಐದನೇ ಆವೃತ್ತಿಯ ಮೂಲ ನಿಯಮಗಳ ಎಸ್‌ಆರ್‌ಡಿ 5.1 ಎಂಬ ಕಡತ, ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಂದಿದೆ.

ಮಾತಿಗೆ ಡಿಸ್ಕಾರ್ಡ್ ಸಾಕು. 64 ಕೆಬಿಪಿಎಸ್ ಧ್ವನಿ ಎಡೆಬಿಡದೆ ಹರಿದರೂ ಗಂಟೆಗೆ 29 ಎಂಬಿ ಆಸುಪಾಸು. ಡೇಟಾ ನುಂಗುವುದು ವಿಡಿಯೊ, ಅದನ್ನು ಮುಚ್ಚಿ. ತಗಡಿನ ಮಾಡಿನ ಮೇಲೆ ಬೀಳುವ ಮಳೆ ಸದ್ದನ್ನು ಡಿಸ್ಕಾರ್ಡ್‌ನೊಳಗಿನ ಸದ್ದು ಅಳಿಸುವ ಸೌಲಭ್ಯ ಕ್ರಿಸ್ಪ್ ಚೆನ್ನಾಗಿ ಅಳಿಸುತ್ತದೆ, ಜೊತೆಗೆ ಪಿಸುಮಾತನ್ನೂ ಅಳಿಸುತ್ತದೆ. ಗುಟ್ಟು ಹೇಳುವ ಪಾತ್ರದವರು ಇಯರ್‌ಫೋನಿನ ಮೈಕ್ ಬಾಯಿಯ ಹತ್ತಿರ ಇಟ್ಟುಕೊಳ್ಳಬೇಕು. ರೌಟರ್‌ಗೆ ಒಂದು ಚಿಕ್ಕ 12 ವೋಲ್ಟ್ ಯುಪಿಎಸ್ ಹಾಕುವುದು ಯಾವ ಚಂದಾಕ್ಕಿಂತಲೂ ಹೆಚ್ಚು ಉಪಯೋಗ. ಕೊಳ್ಳುವಾಗ ರೌಟರ್ ಅಡಾಪ್ಟರ್ ಮೇಲಿನ ಆ್ಯಂಪಿಯರ್ ಸರಿಹೊಂದುತ್ತದೆಯೇ ನೋಡಿ.

ಇಷ್ಟೆಲ್ಲ ಇದ್ದರೂ ಮಾತಿನ ದೃಶ್ಯಗಳಲ್ಲಿ ಆನ್‌ಲೈನ್ ಸೋಲುತ್ತದೆ. ತಾಳಮದ್ದಲೆಯಲ್ಲಿ ಎದುರಿನ ಅರ್ಥಧಾರಿಯ ಮಾತು ಮುಗಿಯುವಷ್ಟರಲ್ಲೇ ಅದರ ಬಾಲ ಹಿಡಿದು ಇನ್ನೊಬ್ಬರು ಎತ್ತುತ್ತಾರಲ್ಲ, ಈ ಆಟದ ಸಂಧಾನ, ಚೌಕಾಸಿ, ಬೆದರಿಕೆಗೂ ಅದೇ ಚುರುಕು ಬೇಕು. ಡಿಸ್ಕಾರ್ಡ್‌ನಲ್ಲಿ ಧ್ವನಿ ತುಸು ತಡವಾಗಿ ತಲುಪುವುದರಿಂದ ಇಬ್ಬರೂ ಒಟ್ಟಿಗೆ ಶುರು ಮಾಡಿ, ಒಟ್ಟಿಗೆ ನಿಲ್ಲಿಸಿ, ‘ನೀ ಹೇಳು ಮಾರಾಯ’, ‘ಇಲ್ಲ, ನೀನೇ ಹೇಳು’ ಆಗುತ್ತದೆ. ಅದಕ್ಕೇ ಆನ್‌ಲೈನ್‌ನಲ್ಲಿ ನಾಲ್ವರು ಆಟಗಾರರಿಗಿಂತ ಹೆಚ್ಚು ಬೇಡ, ಮೂರು ಗಂಟೆ ಮೀರುವುದೂ ಬೇಡ. ಎದುರುಬದುರು ಕೂತರೆ ಆರು ಜನ, ಐದು ಗಂಟೆ ಸಲೀಸು. ಹಾಗಾಗಿ ಪಾತ್ರ ಕಟ್ಟುವ ಮೊದಲ ದಿನವನ್ನೂ ಕತೆಯ ಕೊನೆಯ ಕಾಳಗವನ್ನೂ ನವೆಂಬರ್‌ನಿಂದ ಮೇವರೆಗಿನ ಒಣ ದಿನಗಳಿಗೆ ಇಟ್ಟುಕೊಂಡು, ಎಲ್ಲರಿಗೂ ನಡುವಿನ ಕುಮಟಾದಲ್ಲಿ ಸೇರುವುದು ಲೇಸು.

ಮೇಜಿಗೆ ಬೇಕಾದ್ದು ಇಲ್ಲೇ ಸಿಗುತ್ತದೆ. ಫ್ಲೆಕ್ಸ್ ಮುದ್ರಿಸುವ ಅಂಗಡಿಯಲ್ಲಿ 2×3 ಅಡಿಗೆ ಒಂದಿಂಚಿನ ಚೌಕ ಹೊಡೆಸಿದರೆ 24×36 ಚೌಕದ ಮ್ಯಾಟ್. ‘ಸೈಜಿಗೆ ಎಳೆಯಬೇಡಿ, ನೂರಕ್ಕೆ ನೂರು ಇರಲಿ’ ಎಂದು ಹೇಳಿ, ಇಲ್ಲದಿದ್ದರೆ ಚೌಕ ಆಯತವಾಗಿ ಬರುತ್ತದೆ. ಬರಹ ಫ್ಲೆಕ್ಸ್ ಮೇಲೆ ನೇರ ಬೇಡ, ಮೇಲೊಂದು ಪಾರದರ್ಶಕ ಪ್ಲಾಸ್ಟಿಕ್ ಹಾಸಿ. ನೀರಿನಲ್ಲಿ ಅಳಿಸುವ ಮಾರ್ಕರ್ ಕಾರವಾರದ ಸೆಕೆಯಲ್ಲಿ ಬೆವರಿದ ಅಂಗೈ ತಾಗಿದರೂ ಹರಡುತ್ತದೆ, ಆದ್ದರಿಂದ ಗೋಡೆಗಳನ್ನು ದೂರದ ಬದಿಯಿಂದ ಎಳೆಯುತ್ತ ಬನ್ನಿ. ಟೋಕನ್‌ಗೆ ಕೇರಂ ಕಾಯಿ ಸುಮಾರು 3 ಸೆಂ.ಮೀ., ಒಂದಿಂಚಿನ ಚೌಕದಿಂದ ಹೊರಗೆ ಚಾಚುತ್ತದೆ. ಒಣ ಅಡಿಕೆ ಹೋಳು ಮಗುಚಿಟ್ಟರೆ ಚೌಕದೊಳಗೆ ಕೂರುತ್ತದೆ, ಉರುಳುವುದೂ ಇಲ್ಲ. ಆಟದಲ್ಲಿ ಹಿಂಡಾಗಿ ಬರುವ ಗಾಬ್ಲಿನ್ ಎಂಬ ಕುಳ್ಳ ರಾಕ್ಷಸರ ದಂಡಿಗೆ ಹೇಳಿ ಮಾಡಿಸಿದ್ದು. (ಸತ್ತ ಗಾಬ್ಲಿನ್‌ಗಳು ಎಲೆ ಸುಣ್ಣದ ಜೊತೆ ಬಾಯಿಗೆ ಹೋಗದಂತೆ ನೋಡಿಕೊಳ್ಳಬೇಕು.) ದಾಳವನ್ನು ಬಟ್ಟೆ ಹಾಸಿದ ತಟ್ಟೆಯಲ್ಲಿ ಹಾಕಿ.

ಆನ್‌ಲೈನ್‌ನಿಂದ ಮೇಜಿಗೆ ಬರುವ ಗುಂಪುಗಳು ಎಡವುವುದು ಶೀಟಿನಲ್ಲಿ. ರೋಲ್20 ಕೂಡಿಸಿ ಕೊಡುತ್ತಿದ್ದ ಬೋನಸ್ಸುಗಳು ಯಾರಿಗೂ ಬಾಯಿಪಾಠ ಇರುವುದಿಲ್ಲ, ಮೊದಲ ಸುತ್ತೇ ಅರ್ಧ ಗಂಟೆ ಎಳೆಯುತ್ತದೆ. ಲೆವೆಲ್ ಏರಿದಾಗಲೆಲ್ಲ ದಾಳಿ, ಹಾನಿ, ಸೇವ್ (ಅಪಾಯದಿಂದ ಪಾರಾಗಲು ಹಾಕುವ ದಾಳ) ಇವಿಷ್ಟರ ಬೋನಸ್ಸನ್ನು ಒಂದು ಪೋಸ್ಟ್‌ಕಾರ್ಡ್ ಅಳತೆಯ ದಪ್ಪ ಕಾಗದದಲ್ಲಿ ಪೆನ್ಸಿಲ್‌ನಿಂದ ಬರೆದಿಡಿ. ಕರೆಂಟು ಹೋದ ರಾತ್ರಿಗೂ ಅದೇ ಕಾರ್ಡ್ ಆಗುತ್ತದೆ.