ಮುಂಬಯಿಯಲ್ಲಿ ಮನೆಮಂದಿಗೆ ಅಗ್ಗದ ಬಟ್ಟೆ: ಶುಕ್ರವಾರದ ಸಂತೆಯೋ, ಫ್ಯಾಷನ್ ಸ್ಟ್ರೀಟೋ, ಇನ್‌ಸ್ಟಾಗ್ರಾಮೋ, ಗೊತ್ತಿರುವ ಮನೆಯೋ?

ಮುಂಬಯಿಯಲ್ಲಿ ನಾಲ್ಕು ಜನರ ಸಂಸಾರಕ್ಕೆ ಕೈಗೆಟಕುವ ಬೆಲೆಯಲ್ಲಿ ಬಟ್ಟೆ ಹೊಂದಿಸಲು ದಾರಿ ನಾಲ್ಕಿವೆ. ಒಂದು, ಚೋರ್ ಬಜಾರ್ ಸುತ್ತಮುತ್ತ ಶುಕ್ರವಾರ ಬೆಳಗಿನ ಜಾವ ನೆಲದ ಮೇಲೆ ಹರಡುವ ಹಳೆ ಬಟ್ಟೆಯ ಸಂತೆ. ಎರಡು, ಆಜಾದ್ ಮೈದಾನದ ಎದುರಿನ ಫ್ಯಾಷನ್ ಸ್ಟ್ರೀಟ್, ಬಾಂದ್ರಾದ ಹಿಲ್ ರೋಡ್ ಮುಂತಾದ ಕಡೆಯ ಎಕ್ಸ್‌ಪೋರ್ಟ್ ಸರಪ್ಲಸ್, ಅಂದರೆ ರಫ್ತಿಗೆ ಹೊಲಿದು ಉಳಿದ ಮಾಲಿನ ಅಂಗಡಿಗಳು. ಮೂರು, ಹಳೆ ಬಟ್ಟೆ ಮಾರುವ ಇನ್‌ಸ್ಟಾಗ್ರಾಮ್ ಥ್ರಿಫ್ಟ್ ಪೇಜ್‌ಗಳು. ನಾಲ್ಕು, ಹೌಸಿಂಗ್ ಸೊಸೈಟಿ, ಕನ್ನಡ ಸಂಘ, ನೆಂಟರಿಷ್ಟರ ವಾಟ್ಸಾಪ್ ಗ್ರೂಪಿನ ಮೂಲಕ ಕೈಯಿಂದ ಕೈಗೆ ಬರುವ ಬಟ್ಟೆ. ನಾಲ್ಕನ್ನೂ ಬಳಸಿ ನೋಡಿದ ಮೇಲೆ ಒಂದು ಮಾತು ಖಚಿತವಾಗಿ ಹೇಳಬಹುದು: ಇಡೀ ಮನೆಗೆ ಒಂದೇ ಜಾಗದಲ್ಲಿ ಕೊಂಡು ಮುಗಿಸಲು ಹೊರಟರೆ ದುಡ್ಡು ದಂಡ. ಗಂಡಸರ ಪ್ಯಾಂಟು ಚೆನ್ನಾಗಿ ಸಿಗುವ ಕಡೆ ಹಸುಗೂಸಿನ ಅಂಗಿ ಕೊಳ್ಳಬಾರದು. ಮಕ್ಕಳ ಟೀ ಶರ್ಟ್ ಸಿಗುವ ಕಡೆ ಅಪ್ಪನ ಪ್ಯಾಂಟು ಹುಡುಕಬಾರದು.

ಹೋಲಿಸುವಾಗ ಅಂಗಡಿಯವನು ಹೇಳಿದ ಬೆಲೆಯನ್ನಷ್ಟೇ ಹಿಡಿದುಕೊಂಡರೆ ಲೆಕ್ಕ ತಪ್ಪುತ್ತದೆ. 80 ರೂಪಾಯಿಗೆ ಪ್ಯಾಂಟು ಸಿಕ್ಕಿತು ಅಂದುಕೊಳ್ಳಿ. ಸೊಂಟ ಹಿಡಿಸಲು ದರ್ಜಿಗೆ 100, ಜಿಪ್ ಬದಲಾಯಿಸಲು 80 ಕೊಟ್ಟರೆ ಅದು 260ರ ಪ್ಯಾಂಟು. ಮೈಮೇಲೆ ಏರುವ ಹೊತ್ತಿಗೆ ಎಷ್ಟಾಯಿತು ಅನ್ನುವುದೇ ನಿಜವಾದ ಬೆಲೆ. ಮುಂದಿನ ಹೋಲಿಕೆಯೆಲ್ಲ ಈ ಲೆಕ್ಕದ ಮೇಲೇ ನಿಂತಿದೆ.

ಗಂಡಸರ ಪ್ಯಾಂಟು, ಶರ್ಟು

ಇಲ್ಲಿ ಶುಕ್ರವಾರದ ಸಂತೆಗೆ ಸಾಟಿಯಿಲ್ಲ. ಚೋರ್ ಬಜಾರಿನ ಮಟನ್ ಸ್ಟ್ರೀಟ್ ಅಂಗಡಿಗಳಿಗೆ ಶುಕ್ರವಾರ ರಜೆ. ಅವತ್ತೇ ಬೀದಿಯಲ್ಲಿ ಜುಮ್ಮಾ ಬಜಾರ್ ಕೂರುತ್ತದೆ. ಗ್ರಾಂಟ್ ರೋಡಿನಲ್ಲೋ ಸ್ಯಾಂಡ್‌ಹರ್ಸ್ಟ್ ರೋಡಿನಲ್ಲೋ ಇಳಿದು ನಡೆದು ಹೋಗಬಹುದು. ಗ್ರಾಂಟ್ ರೋಡಿಗೆ ಎಲ್ಲ ನಿಲ್ದಾಣದಲ್ಲೂ ನಿಲ್ಲುವ ಸ್ಲೋ ಲೋಕಲ್ ರೈಲು ಹಿಡಿಯಬೇಕು. ಬೇಗ ಹೋದಷ್ಟೂ ಆಯ್ಕೆ ಹೆಚ್ಚು, ಆದರೆ ಪೂರ್ತಿ ಬೆಳಕಾಗುವ ಮೊದಲು ಬಣ್ಣದ ಮೇಲೆ ಭರವಸೆ ಇಡಬೇಡಿ. ಮೊಬೈಲ್ ಟಾರ್ಚಿನ ಬೆಳಕಲ್ಲಿ ಕಪ್ಪು, ಕಡುನೀಲಿ, ಕಡುಕಂದು ಮೂರೂ ಒಂದೇ ತರಹ ಕಾಣುತ್ತವೆ. ಹತ್ತು, ಇಪ್ಪತ್ತು, ಐವತ್ತರ ನೋಟು ಜೊತೆಗಿರಲಿ. ಚಿಲ್ಲರೆ ಎಣಿಸಿ ಕೊಡುವ ಗಿರಾಕಿಗೆ ಚೌಕಾಸಿ ಬೇಗ ಕುದುರುತ್ತದೆ.

ಇಲ್ಲಿನ ಪ್ಯಾಂಟು ಗೆಲ್ಲುವುದಕ್ಕೆ ಕಾರಣ ಅಗ್ಗ ಅನ್ನುವುದೊಂದೇ ಅಲ್ಲ. ದರ್ಜಿ ಹೊಲಿದ ಪ್ಯಾಂಟು ಈ ರಾಶಿಯಲ್ಲಿ ಸಿಗುತ್ತದೆ. ಪ್ಯಾಂಟನ್ನು ಒಳಮಗ್ಗುಲಾಗಿ ತಿರುಗಿಸಿ, ಹಿಂಭಾಗದ ನಡು ಹೊಲಿಗೆಯನ್ನು ಬೆರಳಲ್ಲಿ ಬಿಡಿಸಿ ನೋಡಿ. ದರ್ಜಿಯ ಕೆಲಸವಾದರೆ ಅಲ್ಲಿ ಒಂದು, ಒಂದೂವರೆ ಇಂಚು ಬಟ್ಟೆ ಒಳಗೆ ಮಡಚಿರುತ್ತದೆ. ಹೊಟ್ಟೆ ಬಂದರೆ ಅದನ್ನು ಬಿಚ್ಚಿ ಸೊಂಟ ಎರಡು ಇಂಚಿನವರೆಗೂ ಬಿಡಿಸಬಹುದು. ಫ್ಯಾಕ್ಟರಿ ಪ್ಯಾಂಟಿನಲ್ಲಿ ಸಾಮಾನ್ಯವಾಗಿ ಅಂಚಿಗೆ ಓವರ್‌ಲಾಕ್ ಹೊಲಿಗೆ ಹೊಡೆದು ಒಂದು ಸೆಂಟಿಮೀಟರಿನಷ್ಟು ಮಾತ್ರ ಉಳಿಸಿರುತ್ತಾರೆ. ಅದನ್ನು ಹಿಡಿಸಬಹುದೇ ಹೊರತು ಬಿಡಿಸಲಾಗದು. ಹಾಗಾಗಿ ಫ್ಯಾಕ್ಟರಿ ಬಟ್ಟೆಯನ್ನು ಅಳತೆಗಿಂತ ಚೂರು ದೊಡ್ಡದು ಕೊಳ್ಳಿ, ದರ್ಜಿ ಬಟ್ಟೆಯಾದರೆ ಚೂರು ಬಿಗಿಯಿದ್ದರೂ ಚಿಂತೆಯಿಲ್ಲ.

ನೋಡಬೇಕಾದ ಕ್ರಮ ಹೀಗಿರಲಿ. ಮೊದಲು ಕೂರುವ ಭಾಗವನ್ನು ಬೆಳಕಿಗೆ ಹಿಡಿಯಿರಿ. ಜಾಳುಜಾಳಾಗಿ ಬೆಳಕು ತೂರಿ ಬಂದರೆ ಇನ್ನು ಎರಡು ಮೂರು ಒಗೆತಕ್ಕೆ ಹರಿಯುತ್ತದೆ. ಆಮೇಲೆ ತೊಡೆಸಂದಿನಲ್ಲಿ ನಾಲ್ಕು ಹೊಲಿಗೆ ಕೂಡುವ ಜಾಗ. ಆಮೇಲೆ ಜಿಪ್ಪನ್ನು ಐದು ಸಲ ಎಳೆದು ನೋಡಿ. ಅರ್ಧಕ್ಕೆ ನಿಂತು ಕೆಳಗೆ ಜಾರಿದರೆ ಬದಲಾಯಿಸಲೇಬೇಕು. ಕೊನೆಗೆ ಕಾಲಿನ ಮಡಿಕೆ. ಉದ್ದ ಬಿಡಿಸಿದರೆ ಹಳೆ ಮಡಿಕೆಯ ಗೆರೆ ಜೀನ್ಸಿನಲ್ಲಿ ಬೆಳ್ಳಗೆ ಉಳಿಯುತ್ತದೆ, ಎಷ್ಟು ಒಗೆದರೂ ಹೋಗದು.

ಹಾಕಿ ನೋಡಲು ಜಾಗವಿಲ್ಲ. ಗುಂಡಿ ಹಾಕಿದ ಸೊಂಟಪಟ್ಟಿಯನ್ನು ಕುತ್ತಿಗೆಗೆ ಸುತ್ತಿ, ಎರಡು ತುದಿ ಹಿಂದೆ ಮುಟ್ಟಿದರೆ ಸೊಂಟಕ್ಕೆ ಸರಿ ಅನ್ನುವ ಉಪಾಯ ಎಲ್ಲರಿಗೂ ಗೊತ್ತು. ತೆಳ್ಳಗಿರುವವರಿಗೆ ಅದು ಸರಿ. ಹೊಟ್ಟೆ ಮುಂದೆ ಬಂದವರಿಗೆ ಅದು ಮೋಸ, ಕುತ್ತಿಗೆ ಹೊಟ್ಟೆಯ ಜೊತೆ ಬೆಳೆಯುವುದಿಲ್ಲವಲ್ಲ. ಟೇಪು ಒಯ್ಯಿರಿ. ಮನೆಯಲ್ಲಿ ಚೆನ್ನಾಗಿ ಹಿಡಿಸುವ ಒಂದು ಪ್ಯಾಂಟು, ಒಂದು ಶರ್ಟನ್ನು ನೆಲಕ್ಕೆ ಹರಡಿ ಅಳೆದು ಬರೆದುಕೊಂಡು ಹೋಗಿ: ಸೊಂಟ, ಕಾಲಿನ ಒಳ ಉದ್ದ, ಕಂಕುಳಿಂದ ಕಂಕುಳಿಗೆ, ಭುಜದಿಂದ ಭುಜಕ್ಕೆ. ಮೈಯಳತೆಗಿಂತ ಬಟ್ಟೆಯಳತೆಯೇ ಇಲ್ಲಿ ಉಪಯೋಗಕ್ಕೆ ಬರುವುದು. ಶರ್ಟಿನಲ್ಲಿ ಭುಜ ಸರಿಯಿಲ್ಲದಿದ್ದರೆ ಅಲ್ಲೇ ಬಿಟ್ಟುಬಿಡಿ. ಪಕ್ಕ ಹಿಡಿಸಬಹುದು, ತೋಳು ಕತ್ತರಿಸಬಹುದು, ಭುಜ ಸರಿಪಡಿಸುವುದೆಂದರೆ ಶರ್ಟನ್ನು ಹೊಸದಾಗಿ ಹೊಲಿದಂತೆ.

ಸ್ವೆಟರ್, ಜಾಕೆಟ್‌ಗೂ ಈ ಸಂತೆಯೇ ಸರಿ. ಮುಂಬಯಿಯಲ್ಲಿ ಅದನ್ನು ಹಾಕುವ ದಿನಗಳೇ ಬೆರಳೆಣಿಕೆಯಷ್ಟು, ಹಾಗಾಗಿ ಸವೆಯದೆ ಉಳಿದಿರುತ್ತವೆ. ಡಿಸೆಂಬರಿನಲ್ಲಿ ಧಾರವಾಡಕ್ಕೋ ಮಡಿಕೇರಿಗೋ ಹೋಗಿ ಬರುವವರಿಗೆ ಸಾವಿರಾರು ರೂಪಾಯಿಯ ಹೊಸ ಜಾಕೆಟ್ ಯಾಕೆ?

4ರಿಂದ 12 ವರ್ಷದ ಮಕ್ಕಳಿಗೆ

ಇವರಿಗೆ ಫ್ಯಾಷನ್ ಸ್ಟ್ರೀಟ್. ಸಿಎಸ್‌ಎಂಟಿ, ಚರ್ಚ್‌ಗೇಟ್ ಎರಡೂ ರೈಲು ನಿಲ್ದಾಣಗಳಿಂದ ನಡೆದೇ ಹೋಗಬಹುದು. ಇದು ಹಳೆ ಬಟ್ಟೆಯಲ್ಲ. ರಫ್ತಿಗೆಂದು ಹೊಲಿದು, ಆರ್ಡರ್ ರದ್ದಾಗಿಯೋ ಬಣ್ಣ ಹೊಂದದೆಯೋ ಹೊಲಿಗೆ ಸುಕ್ಕಾಗಿಯೋ ಉಳಿದ ಮಾಲು. ಆದರೆ ‘ಎಕ್ಸ್‌ಪೋರ್ಟ್’ ಅನ್ನುವುದೆಲ್ಲ ಎಕ್ಸ್‌ಪೋರ್ಟ್ ಅಲ್ಲ. ಒಳಗಡೆ ಎಡಪಕ್ಕದ ಹೊಲಿಗೆಯಲ್ಲಿ ನಾಲ್ಕಾರು ಭಾಷೆಯ ಒಗೆಯುವ ಸೂಚನೆಯ ಪಟ್ಟಿ, ಅದರ ಹಿಂದೆ ಸ್ಟೈಲ್ ನಂಬರಿನ ಚಿಕ್ಕ ಚೀಟಿ ಇದ್ದರೆ, ಕುತ್ತಿಗೆಯ ಬ್ರ್ಯಾಂಡ್ ಪಟ್ಟಿಯನ್ನು ಕತ್ತರಿಸಿಯೋ ಗೀಚಿಯೋ ಇದ್ದರೆ, ನಿಜವಾದ ಸರಪ್ಲಸ್ ಇರುವ ಸಾಧ್ಯತೆ ಹೆಚ್ಚು. ಎದೆಯ ಮೇಲೆ ದೊಡ್ಡ ಹೆಸರು, ಒಳಗೆ ಪಟ್ಟಿಯೇ ಇಲ್ಲ ಅಂದರೆ ಅನುಮಾನಪಡಿ.

ಮಕ್ಕಳ ಅಳತೆಗೆ ವಯಸ್ಸು ಬರೆದ ಪಟ್ಟಿಯನ್ನು ನಂಬಬೇಡಿ, ಯುರೋಪಿನ ಅಳತೆ ಹುಡುಕಿ. 98, 104, 110, 116, 122, 128 ಅಂತ ಬರೆದಿರುತ್ತದೆ. ಅದು ಮಗುವಿನ ಎತ್ತರ, ಸೆಂಟಿಮೀಟರಿನಲ್ಲಿ. ಗೋಡೆಗೆ ನಿಲ್ಲಿಸಿ ಅಳೆದು ಹೋದರೆ ಮುಗಿಯಿತು. ಒಂದು ಅಳತೆಗೂ ಮುಂದಿನದಕ್ಕೂ 6 ಸೆಂಟಿಮೀಟರ್ ಅಂತರ. ಈ ವಯಸ್ಸಿನ ಮಕ್ಕಳು ವರ್ಷಕ್ಕೆ ಹೆಚ್ಚುಕಡಿಮೆ 5–6 ಸೆಂಟಿಮೀಟರ್ ಬೆಳೆಯುತ್ತಾರೆ. ಅಂದರೆ ಒಂದು ಅಳತೆ ದೊಡ್ಡದು ಕೊಂಡರೆ ಒಂದು ವರ್ಷಕ್ಕೆ ಸಾಕು. ‘ಎರಡು ವರ್ಷ ಬರಲಿ’ ಎಂದು ಎರಡು ಅಳತೆ ಮೇಲಿನದು ಕೊಂಡರೆ ಮೊದಲ ವರ್ಷ ಜೋತಾಡುತ್ತದೆ, ಎರಡನೇ ವರ್ಷಕ್ಕೆ ಬಣ್ಣ ಹೋಗಿರುತ್ತದೆ.

ಒಗೆಯದ ಹತ್ತಿ ಹೆಣಿಗೆ ಬಟ್ಟೆ ಮೊದಲ ಒಗೆತಕ್ಕೆ ಶೇಕಡಾ 5ರಷ್ಟು ಕುಗ್ಗಬಹುದು: 50 ಸೆಂಟಿಮೀಟರ್ ಉದ್ದದ ಟೀ ಶರ್ಟಿನಲ್ಲಿ ಎರಡೂವರೆ ಸೆಂಟಿಮೀಟರ್ ಹೋಯಿತು. ಟೀ ಶರ್ಟಿನ ಎರಡು ಪಕ್ಕದ ಹೊಲಿಗೆ ನೆಟ್ಟಗೆ ಇಳಿದಿವೆಯೇ ನೋಡಿ. ಈಗಲೇ ಹೊಟ್ಟೆಯ ಕಡೆ ತಿರುಚಿದ್ದರೆ ಒಗೆದ ಮೇಲೆ ಇನ್ನೂ ತಿರುಚುತ್ತದೆ, ಇಸ್ತ್ರಿಗೆ ಬಗ್ಗುವುದಿಲ್ಲ. ಬಣ್ಣದ ಪರೀಕ್ಷೆಗೆ ಒದ್ದೆ ಬಿಳಿ ಕರವಸ್ತ್ರವನ್ನು ಒಳಹೊಲಿಗೆಯ ಮೇಲೆ ಹತ್ತು ಸಲ ಉಜ್ಜಿ. ಟೋಪಿಯ ಅಂಗಿಯಲ್ಲಿ ಕುತ್ತಿಗೆಯ ಹತ್ತಿರ ಲಾಡಿ ಇದ್ದರೆ ಮನೆಗೆ ತಂದ ಕೂಡಲೇ ಎಳೆದು ತೆಗೆಯಿರಿ. ಜಾರುಬಂಡಿಗೋ ಬಾಗಿಲಿಗೋ ಸಿಕ್ಕಿಕೊಂಡರೆ ಕುತ್ತಿಗೆ ಬಿಗಿಯುತ್ತದೆ, ಪ್ರಾಣಕ್ಕೇ ಅಪಾಯ.

ಮಳೆಗಾಲದಲ್ಲಿ ಈ ಬೀದಿಯ ಮಾಲು ತಾಡಪಾಲಿನ ಅಡಿಯಲ್ಲಿ ತೇವ ಕುಡಿದಿರುತ್ತದೆ. ರಾಶಿಯ ಅಡಿಯಿಂದ ತೆಗೆದ ಬಟ್ಟೆಯ ಮಡಿಕೆಯನ್ನು ಬಿಚ್ಚಿ ಮೂಸಿ ನೋಡಿ. ಬೂಷ್ಟಿನ ಕಪ್ಪು ಚುಕ್ಕೆ ಹತ್ತಿಗೆ ಕೂತರೆ ಪೂರ್ತಿ ಹೋಗುವುದು ಅಪರೂಪ.

ಹಸುಗೂಸು, ಯೂನಿಫಾರ್ಮ್

ಗೊತ್ತಿರುವ ಮನೆಯದೇ ಆಗಬೇಕು. ಮೂರು ತಿಂಗಳಿಗೊಮ್ಮೆ ಅಳತೆ ಬದಲಾಗುವ ಕೂಸಿನ ಬಟ್ಟೆ ಸವೆಯುವುದೇ ಇಲ್ಲ, ಎಷ್ಟೋ ಮನೆಗಳಲ್ಲಿ ಗಂಟು ಕಟ್ಟಿಟ್ಟಿರುತ್ತಾರೆ. ಆ ಗಂಟಿನಲ್ಲಿ ನುಸಿಗುಳಿಗೆ ಹಾಕಿದ್ದರೇ ಎಂದು ಮರೆಯದೆ ಕೇಳಿ. ನುಸಿಗುಳಿಗೆಯಲ್ಲಿರುವ ನ್ಯಾಫ್ತಲೀನ್, ಜಿ6ಪಿಡಿ ಎಂಬ ಕಿಣ್ವದ ಹುಟ್ಟು ಕೊರತೆ ಇರುವ ಕೂಸುಗಳಲ್ಲಿ ಕೆಂಪು ರಕ್ತಕಣ ಒಡೆದು ತೀವ್ರ ಕಾಮಾಲೆ ತರಬಲ್ಲದು. ಆ ಕೊರತೆ ಇದೆಯೋ ಇಲ್ಲವೋ ಬಹಳಷ್ಟು ತಂದೆತಾಯಿಗೆ ಗೊತ್ತೇ ಇರುವುದಿಲ್ಲ. ವಾಸನೆ ಇರುವ ಬಟ್ಟೆಯನ್ನು ನಾಲ್ಕೈದು ದಿನ ಗಾಳಿಗೆ ಹರಡಿ, ಎರಡು ಸಲ ಒಗೆದು, ವಾಸನೆ ಪೂರ್ತಿ ಹೋದ ಮೇಲಷ್ಟೇ ಮಗುವಿಗೆ ಹಾಕಿ. ಹೋಗದಿದ್ದರೆ ಬೇಡವೇ ಬೇಡ.

ಯೂನಿಫಾರ್ಮಿಗೆ ಗ್ರೂಪಿನಲ್ಲಿ ಕೇಳುವ ಹೊತ್ತು ಪರೀಕ್ಷೆ ಮುಗಿದ ಏಪ್ರಿಲ್. ಮೇ ತಿಂಗಳಲ್ಲಿ ಎಲ್ಲರೂ ಊರಿಗೆ ಹೋಗಿರುತ್ತಾರೆ, ಜೂನ್ ಮಧ್ಯದಲ್ಲಿ ಶಾಲೆ ತೆರೆಯುವ ವಾರ ಕೇಳಿದರೆ ಸಿಗುವುದು ಮೊಣಕಾಲು ಹರಿದದ್ದೇ.

ಇನ್‌ಸ್ಟಾಗ್ರಾಮ್

ಹೆಂಗಸರ ಟಾಪು, ಜಾಕೆಟ್, ಚೀಲಕ್ಕೆ ಮಾತ್ರ ಸರಿ. ಬಹುತೇಕ ಪೇಜ್‌ಗಳಲ್ಲಿ ವಾಪಸಾತಿ ಇಲ್ಲ, ಕೊರಿಯರ್ ಖರ್ಚು ಬೇರೆ. ದುಡ್ಡು ಕಳಿಸುವ ಮೊದಲು ಮೂರು ಫೋಟೋ ಕೇಳಿ: ನೂಲಿನ ವಿವರ ಬರೆದ ಪಟ್ಟಿ, ಒಳಗಿನಿಂದ ಕಂಕುಳು, ಹರಡಿದ ಬಟ್ಟೆಯ ಮೇಲೆ ಕಂಕುಳಿಂದ ಕಂಕುಳಿಗೆ ಇಟ್ಟ ಟೇಪು. ಕೊಡಲು ಹಿಂಜರಿದರೆ ಕೈಬಿಡಿ. ಚಳಿ ದೇಶದ ದಪ್ಪ ಆಕ್ರಿಲಿಕ್, ಪಾಲಿಯೆಸ್ಟರ್ ಮಾಲು ಫೋಟೋದಲ್ಲಿ ಮುದ್ದಾಗಿ ಕಾಣುತ್ತದೆ, ದಾದರ್ ಸೇತುವೆ ಹತ್ತಿ ಇಳಿಯುವಷ್ಟರಲ್ಲಿ ಬೆವರಿಳಿಸುತ್ತದೆ.

ರೇಷ್ಮೆ ಸೀರೆ

ಇದನ್ನು ಬಿಚ್ಚಿ ನೋಡಲು ಬಿಡದವರ ಹತ್ತಿರ ಎಲ್ಲೂ ಕೊಳ್ಳಬೇಡಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟ ರೇಷ್ಮೆ ಆ ಗೆರೆಯಲ್ಲೇ ಸೀಳುತ್ತದೆ. ಮಡಿಕೆಯ ಗೆರೆಯನ್ನು ಎರಡು ಹೆಬ್ಬೆರಳ ನಡುವೆ ಹಿಡಿದು ಮೆಲ್ಲಗೆ ಅಕ್ಕಪಕ್ಕ ಎಳೆಯಿರಿ. ಒಳ್ಳೆಯ ರೇಷ್ಮೆ ಎಳೆದು ಮತ್ತೆ ಕೂಡುತ್ತದೆ. ಸತ್ತ ರೇಷ್ಮೆಯಲ್ಲಿ ‘ಪರ್’ ಎಂಬ ಸಣ್ಣ ಸದ್ದಾಗಿ ಎಳೆಗಳ ನಡುವೆ ಕಿಂಡಿ ಬೀಳುತ್ತದೆ, ರಫೂ ಮಾಡಿಸಿದರೂ ಪಕ್ಕದಲ್ಲೇ ಮತ್ತೆ ಹರಿಯುತ್ತದೆ. ಒಡಲು ಹೋಗಿ ಸೆರಗು, ಅಂಚು ಗಟ್ಟಿಯಿದ್ದರೆ ಮಗಳ ಲಂಗಕ್ಕೆಂದು ಕೊಳ್ಳಬಹುದು, ಆದರೆ ಗಟ್ಟಿಯಿರುವ ಭಾಗ ಲಂಗಕ್ಕೆ ಸಾಕಾಗುವಷ್ಟು ಉಳಿಯುತ್ತದೆಯೇ ಅಳೆದು ನೋಡಿ. ಬೆಳ್ಳಿ ಜರಿ ಕಪ್ಪಾಗುತ್ತದೆ, ಅದು ದೋಷವಲ್ಲ. ಪ್ಲಾಸ್ಟಿಕ್ ಜರಿ ಸಿಪ್ಪೆ ಎದ್ದು ಒಳಗಿನ ಬಿಳಿ ನೂಲು ತೋರಿಸುತ್ತದೆ. ಇಳಕಲ್ ಸಿಕ್ಕರೆ ಸೆರಗನ್ನು ಒಡಲಿಗೆ ಕೂಡಿಸಿದ ಗೆರೆಯನ್ನು ಬೆರಳಿಂದ ತಡವಿ ನೋಡಿ, ಎಳೆಗೆಳೆ ಕೊಂಡಿ ಹಾಕಿದ ಆ ಕೂಡುವಿಕೆ ಬಿಟ್ಟರೆ ಸರಿ ಮಾಡುವವರು ಮುಂಬಯಿಯಲ್ಲಿ ಸಿಗುವುದು ಕಷ್ಟ.

ಮನೆಗೆ ತಂದ ಮೇಲೆ

ಸಂತೆಯ ಬಟ್ಟೆಯನ್ನು ಹಾಸಿಗೆಯ ಮೇಲೆ ಹರಡಬೇಡಿ. ತಿಗಣೆಯ ಕಪ್ಪು ಚುಕ್ಕೆ ಕಾಲರಿನ ಅಡಿ, ಕಿಸೆಯ ಮೂಲೆ, ಹೊಲಿಗೆಯ ಸಂದಿಯಲ್ಲಿರುತ್ತದೆ. ಚೀಲ ಕಟ್ಟಿ ಒಂದು ವಾರ ಇಟ್ಟರೆ ಕಜ್ಜಿಯ ಹುಳು ಸಾಯುತ್ತದೆ, ತಿಗಣೆ ಸಾಯುವುದಿಲ್ಲ. ಅದು ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಅದಕ್ಕೆ 60 ಡಿಗ್ರಿ ಬಿಸಿ ಬೇಕು. ಮೆಷಿನ್ನಿನಲ್ಲಿ ಆ ಸೆಟ್ಟಿಂಗ್ ಇಲ್ಲದಿದ್ದರೆ ಸ್ಟೀಲ್ ಪಾತ್ರೆಯಲ್ಲಿ ಎರಡು ಪಾಲು ಕುದಿಯುವ ನೀರಿಗೆ ಒಂದು ಪಾಲು ನಲ್ಲಿ ನೀರು ಬೆರೆಸಿ. 75 ಡಿಗ್ರಿಯ ಸುಮಾರಿಗೆ ಬರುತ್ತದೆ, ಬಟ್ಟೆ ಮುಳುಗಿಸಿದಾಗ ಇಳಿದು ಸರಿಯಾಗುತ್ತದೆ. ಮುಚ್ಚಿ ಅರ್ಧ ಗಂಟೆ ಬಿಡಿ. ಹತ್ತಿಗೆ ಮಾತ್ರ ಇದು. ಹಾಲು, ರಕ್ತ, ಬೆವರಿನ ಕಲೆಯಿದ್ದರೆ ಮೊದಲು ತಣ್ಣೀರಿನಲ್ಲಿ ನೆನೆಸಿ, ಬಿಸಿ ನೀರು ತಗುಲಿದರೆ ಆ ಕಲೆ ಬೇಯಿಸಿದಂತೆ ಕೂತುಬಿಡುತ್ತದೆ. ಕಂಕುಳಿನ ಹಳದಿ ಕಲೆಗೆ ಬ್ಲೀಚ್ ಹಾಕಬೇಡಿ, ಇನ್ನೂ ಹಳದಿಯಾಗುತ್ತದೆ. ಒಂದು ಪಾಲು ಬಿಳಿ ವಿನೆಗರಿಗೆ ನಾಲ್ಕು ಪಾಲು ನೀರು ಬೆರೆಸಿ ಅರ್ಧ ಗಂಟೆ ನೆನೆಸಿ, ಆಮೇಲೆ ಸಾಬೂನು.

ರೇಷ್ಮೆ, ಉಣ್ಣೆಗೆ ಬಿಸಿ ಆಗದು. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ನಾಲ್ಕು ದಿನ ಇಡಿ. ಹೊರಗೆ ತೆಗೆದ ಕೂಡಲೇ ಚೀಲ ಬಿಚ್ಚಬೇಡಿ, ಮುಂಬಯಿಯ ಗಾಳಿಯ ತೇವವೆಲ್ಲ ತಣ್ಣನೆಯ ರೇಷ್ಮೆಯ ಮೇಲೆ ನೀರಾಗಿ ಕೂರುತ್ತದೆ. ಇಡೀ ರಾತ್ರಿ ಕಟ್ಟಿದ ಹಾಗೇ ಬಿಟ್ಟು ಬೆಳಿಗ್ಗೆ ಬಿಚ್ಚಿ.

ಮನೆಯಿಂದ ಹೊರಹೋಗುವ ಬಟ್ಟೆಯ ಮಾತೂ ಸೇರಿಸಬೇಕು. ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಬೋಹಾರೀಣ್, ಅಂದರೆ ಭಾಂಡೀವಾಲಿ, ತಲೆಯ ಮೇಲೆ ಗಂಟು ಹೊತ್ತು ಈಗಲೂ ಬರುತ್ತಾಳೆ. ಇಂಥ ಗಂಟುಗಳಲ್ಲಿ ಹೋದ ಬಟ್ಟೆಯೇ ಒಗೆದು, ಹೊಲಿದು, ಇಸ್ತ್ರಿಯಾಗಿ ಹಳೆ ಬಟ್ಟೆಯ ಸಂತೆಗೆ ಬರುವುದು. ಅವಳಿಗೆ ಬೇಕಾದದ್ದು ಗಟ್ಟಿ ಪ್ಯಾಂಟು, ಜೀನ್ಸು, ಜರಿಯ ಸೀರೆ. ಎಲ್ಲವನ್ನೂ ಒಂದೇ ಸಲ ಹೊರಗೆ ಹಾಕಬೇಡಿ. ಮೊದಲು ಪಾತ್ರೆ ಆರಿಸಿ, ಆಮೇಲೆ ಒಂದೊಂದೇ ಬಟ್ಟೆ ಇಡುತ್ತಾ ಹೋಗಿ, ಜರಿ ಸೀರೆ ಕೊನೆಗಿರಲಿ. ಹಾಗೆಯೇ ಗುಂಡಿ ಕಿತ್ತು, ಜಿಪ್ ಬಿಚ್ಚಿಟ್ಟುಕೊಂಡು ಬಟ್ಟೆ ಕೊಡಬೇಡಿ. ಮುಂದೆ ಅದನ್ನು ಹಾಕುವವರ ಮನೆಯಲ್ಲೂ ದರ್ಜಿಯ ಖರ್ಚು ಲೆಕ್ಕಕ್ಕೆ ಬರುತ್ತದೆ.