ಪಿಪಿಒದಲ್ಲಿ ನಾಯಕ್, ಸೇವೆಯಲ್ಲಿ ಹವಾಲ್ದಾರ್: ಸೇನಾ ದಾಖಲೆ ತಿದ್ದುಪಡಿಯ 14 ತಿಂಗಳ ಅನುಭವ

ನಮ್ಮ ತಂದೆಯವರು ಭೂಸೇನೆಯಲ್ಲಿ ಕೊನೆಯ ಎರಡು ವರ್ಷ ಹವಾಲ್ದಾರರಾಗಿದ್ದು, ಆ ದರ್ಜೆಯ ಸಂಬಳವನ್ನೇ ಪಡೆದು ನಿವೃತ್ತರಾದವರು. ಆದರೆ ಅವರ ಡಿಸ್ಚಾರ್ಜ್ ಬುಕ್ಕಿನಲ್ಲಿಯೂ ಪಿಂಚಣಿ ಪಾವತಿ ಆದೇಶವಾದ ಪಿಪಿಒದಲ್ಲಿಯೂ ಅದಕ್ಕಿಂತ ಒಂದು ದರ್ಜೆ ಕೆಳಗಿನ ‘ನಾಯಕ್’ ಎಂದೇ ನಮೂದಾಗಿತ್ತು. ಸೈನಿಕನ ಪಿಂಚಣಿಯನ್ನು ಅವನ ದರ್ಜೆ ಮತ್ತು ಸೇವಾವಧಿ ನೋಡಿ ನಿಗದಿ ಮಾಡುವುದರಿಂದ ಈ ತಪ್ಪು ಪ್ರತಿ ತಿಂಗಳ ಪಿಂಚಣಿಯನ್ನು ತಗ್ಗಿಸುತ್ತಿತ್ತು. ಮುಂದೆ ನಮ್ಮ ತಾಯಿಯವರಿಗೆ ಬರಬೇಕಾದ ಕುಟುಂಬ ಪಿಂಚಣಿಗೂ ಅದೇ ಗತಿಯಾಗುತ್ತಿತ್ತು. ತಿದ್ದುಪಡಿಗಾಗಿ ನಾವು ಬಳಸಿದ ಸೇವೆಗಳು ಹೇಗಿದ್ದವೆಂಬುದನ್ನು, ಇದೇ ತೊಂದರೆಯಲ್ಲಿರುವ ಇತರ ಮಾಜಿ ಸೈನಿಕರ ಕುಟುಂಬಗಳಿಗಾಗಿ ಬರೆಯುತ್ತಿದ್ದೇನೆ.

ಮೊದಲು ತಪ್ಪಿನ ಮೂಲವನ್ನು ಹೇಳಬೇಕು. ಸೈನಿಕನ ಬಡ್ತಿ, ಮದುವೆ, ಮಕ್ಕಳ ಜನನ, ವರ್ಗಾವಣೆ ಮುಂತಾದ ಪ್ರತಿಯೊಂದು ಸಂಗತಿಯನ್ನೂ ಅವನ ಯೂನಿಟ್ ‘ಪಾರ್ಟ್ ಟೂ ಆರ್ಡರ್’ ಆಗಿ ಪ್ರಕಟಿಸುತ್ತದೆ. ಅದು ಸೇವಾ ದಾಖಲೆಗಳನ್ನು ಇಡುವ ರೆಕಾರ್ಡ್ ಆಫೀಸಿಗೂ ಸಂಬಳದ ಲೆಕ್ಕ ನೋಡುವ ಪೇ ಅಕೌಂಟ್ಸ್ ಆಫೀಸಿಗೂ ಹೋಗುತ್ತದೆ. ರೆಕಾರ್ಡ್ ಆಫೀಸಿನಲ್ಲಿರುವ ಶೀಟ್ ರೋಲಿಗೆ, ಅಂದರೆ ಸೈನಿಕನ ಮೂಲ ಸೇವಾ ದಾಖಲೆಗೆ, ಏರದ ಬಡ್ತಿ, ಯೂನಿಟ್‌ನಲ್ಲಿ ಎಲ್ಲರೂ ಕಂಡಿದ್ದರೂ, ಕಾಗದದ ಮಟ್ಟಿಗೆ ಆಗಿಲ್ಲವೆಂದೇ ಲೆಕ್ಕ. ನಮ್ಮ ತಂದೆಯವರ ಬಡ್ತಿಯ ಆದೇಶದಲ್ಲಿ ಇಸವಿಯ ಒಂದು ಅಂಕೆ ತಪ್ಪಾಗಿತ್ತು. ರೆಕಾರ್ಡ್ ಆಫೀಸ್ ಅದನ್ನು ಆಕ್ಷೇಪಣೆಯೊಂದಿಗೆ ಹಿಂದಿರುಗಿಸಿತು. ಅಷ್ಟರಲ್ಲಿ ಅವರಿಗೆ ಬೇರೆ ಕಡೆ ಪೋಸ್ಟಿಂಗ್ ಆಗಿದ್ದುದರಿಂದ ತಿದ್ದಿದ ಆದೇಶವನ್ನು ಯಾರೂ ಮತ್ತೆ ಪ್ರಕಟಿಸಲಿಲ್ಲ.

ಈ ವಿವರ ನಮಗೆ ತಿಳಿದದ್ದು ಬಹಳ ತಡವಾಗಿ. ಸಂಬಂಧಪಟ್ಟ ರೆಕಾರ್ಡ್ ಆಫೀಸಿಗೆ ನಾವು ಬರೆದ ಮೊದಲ ಎರಡು ಅರ್ಜಿಗಳಿಗೆ ‘ದಾಖಲೆಗಳ ಪ್ರಕಾರ ದರ್ಜೆ ನಾಯಕ್’ ಎಂಬ ಒಂದೇ ಸಾಲಿನ ಉತ್ತರ ಬಂತು. ಆ ಉತ್ತರದಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಆದೇಶವೊಂದು ಬಂದಿತ್ತು, ಇಂಥ ಕಾರಣಕ್ಕೆ ಹಿಂದಿರುಗಿತ್ತು ಎಂಬ ಮಾತು ಅದೇ ಕಡತದಲ್ಲಿದ್ದರೂ ಅದನ್ನು ತಿಳಿಸದೆ ಹೋದದ್ದು ಈ ಸೇವೆಯ ಅತಿ ದೊಡ್ಡ ಕೊರತೆ ಎಂದು ನಾನು ಭಾವಿಸುತ್ತೇನೆ. ಇಪ್ಪತ್ತು ವರ್ಷ ಗಡಿಗಳಲ್ಲಿ ದುಡಿದ ಮನುಷ್ಯನು ತನ್ನ ದರ್ಜೆಯ ಬಗ್ಗೆ ಸುಳ್ಳು ಹೇಳುತ್ತಿದ್ದಾನೇನೋ ಎಂಬಂತೆ ಆ ಒಂದು ಸಾಲು ಅವರಿಗೆ ಕೇಳಿಸಿತು; ಕೆಲವು ತಿಂಗಳು ಅವರು ಆ ವಿಷಯವನ್ನೇ ಎತ್ತಲಿಲ್ಲ.

ದಾರಿ ತೋರಿಸಿದವರು ನಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯವರು. ಅಲ್ಲಿನ ಗುಮಾಸ್ತರು, ತಾವೂ ಮಾಜಿ ಸೈನಿಕರೇ, ಅರ್ಜಿಯನ್ನು ಓದಿ, ‘ಸಾಹೇಬ್ರೇ, ಬಡ್ತಿ ಕೊಡಿ ಅಂತ ಬರೀಬೇಡಿ, ಆರ್ಡರ್ ನಂಬರ್ ಕೇಳಿ’ ಎಂದರು. ಅದರಂತೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು, ಶೀಟ್ ರೋಲಿನ ಪ್ರತಿಯನ್ನೂ ಬಡ್ತಿಗೆ ಸಂಬಂಧಿಸಿದ ಪತ್ರವ್ಯವಹಾರದ ಪ್ರತಿಯನ್ನೂ ಕೇಳಿದೆವು. ಕಾಯ್ದೆ ಹೇಳುವ 30 ದಿನಗಳೊಳಗೇ ಪ್ರತಿಗಳು ಬಂದವು. ಹಿಂದಿರುಗಿದ ಆದೇಶದ ಸಂಖ್ಯೆ, ಅದರ ಮೇಲಿನ ಆಕ್ಷೇಪಣೆ ಎಲ್ಲವೂ ಅದರಲ್ಲಿದ್ದವು. ತಂದೆಯವರು ಕಬ್ಬಿಣದ ಟ್ರಂಕಿನಲ್ಲಿ ಉಳಿಸಿಕೊಂಡಿದ್ದ ಎರಡು ಪೇ ಸ್ಲಿಪ್‌ಗಳನ್ನು ಅದರೊಂದಿಗೆ ಸೇರಿಸಿ ಹಳೆಯ ಯೂನಿಟ್‌ಗೆ ಬರೆದಾಗ, ಅವರು ತಿದ್ದಿದ ಪಾರ್ಟ್ ಟೂ ಆರ್ಡರನ್ನು ತಕರಾರಿಲ್ಲದೆ ಪ್ರಕಟಿಸಿದರು.

ಅನಂತರದ ಕೆಲಸ ಸರಾಗವಾಗಿ ನಡೆಯಿತು. ರೆಕಾರ್ಡ್ ಆಫೀಸ್ ಶೀಟ್ ರೋಲನ್ನು ತಿದ್ದಿ ಪ್ರಯಾಗರಾಜ್‌ನ ಪಿಂಚಣಿ ಲೆಕ್ಕಪತ್ರ ಕಚೇರಿಗೆ ಕಳುಹಿಸಿತು. ಕಾರಿಜೆಂಡಮ್ ಪಿಪಿಒ, ಅಂದರೆ ತಿದ್ದುಪಡಿಯ ಪಿಂಚಣಿ ಆದೇಶ, ಹೊರಟು ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್‌ನ ಖಾತೆಯಲ್ಲಿ ಕಾಣಿಸಿಕೊಂಡಿತು. ಬಾಕಿ ಹಣವೂ ಬಂತು, ಆದರೆ ಯಾವ ತಿಂಗಳಿಗೆ ಎಷ್ಟು ಎಂಬ ಲೆಕ್ಕವನ್ನು ಪ್ರತ್ಯೇಕವಾಗಿ ಕೇಳಿ ಪಡೆಯಬೇಕಾಯಿತು.

ಕಚೇರಿಯ ಮಟ್ಟದಲ್ಲಿ ಕೆಲಸವಾಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. ಕರ್ನಾಟಕದವರಿಗೆ ಕೊಚ್ಚಿಯ ಪೀಠ. ನಮಗೆ ಆ ಅಗತ್ಯ ಬರಲಿಲ್ಲವಾದರೂ ಒಂದು ಅಂಶವನ್ನು ತಿಳಿದಿರುವುದು ಒಳ್ಳೆಯದು. ತರ್ಸೆಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದಂತೆ, ಪಿಂಚಣಿಯ ಮೊತ್ತ ತಪ್ಪಾಗಿ ನಿಗದಿಯಾಗಿದ್ದರೆ ತಡವಾಗಿ ಹೋದರೂ ಪರಿಹಾರ ಸಿಗಬಹುದು, ಆದರೆ ಹಿಂಬಾಕಿ ಸಾಮಾನ್ಯವಾಗಿ ಅರ್ಜಿಗಿಂತ ಹಿಂದಿನ ಮೂರು ವರ್ಷಕ್ಕೆ ಸೀಮಿತ. ಇತರರ ಹಕ್ಕಿಗೆ ತಾಗುವ ಜ್ಯೇಷ್ಠತೆ ಅಥವಾ ಬಡ್ತಿಯ ಬೇಡಿಕೆಯಾದರೆ ತಡವೇ ಅರ್ಜಿಯನ್ನು ಕೊಲ್ಲುತ್ತದೆ. ಆದ್ದರಿಂದ ಸಿಗದೇ ಹೋದ ಬಡ್ತಿಯನ್ನು ಕೇಳುವುದೂ, ಸಿಕ್ಕಿದ್ದ ಬಡ್ತಿ ದಾಖಲಾಗಿಲ್ಲವೆಂದು ಕೇಳುವುದೂ ಬೇರೆ ಬೇರೆ. ಅರ್ಜಿಯ ಮೊದಲ ವಾಕ್ಯದಲ್ಲಿಯೇ ಇದು ಸ್ಪಷ್ಟವಾಗಿರಬೇಕು.

ಯೂನಿಟ್‌ಗೂ ಸೈನಿಕ ಕಲ್ಯಾಣ ಕಚೇರಿಗೂ ನಾನು ಪೂರ್ಣ ಅಂಕ ಕೊಡುತ್ತೇನೆ. ರೆಕಾರ್ಡ್ ಆಫೀಸಿಗೆ ಅರ್ಧ ಅಂಕವನ್ನಷ್ಟೇ ಕೊಡಬಲ್ಲೆ. ಹಣ ಕೊಟ್ಟರೆ ಕೆಲಸ ಮಾಡಿಸಿಕೊಡುವೆವೆಂದು ಮುಂದೆ ಬಂದ ಮಧ್ಯವರ್ತಿಗಳನ್ನು ನಾವು ದೂರವಿಟ್ಟೆವು. ಆ ಪೋಸ್ಟಲ್ ಆರ್ಡರ್, ನೋಂದಾಯಿತ ಅಂಚೆ, ಜೆರಾಕ್ಸ್ ಮತ್ತು ಬಸ್ಸಿನ ಖರ್ಚಿನ ಹೊರತು ಬೇರೇನೂ ತಗುಲಲಿಲ್ಲ. ಮಾಜಿ ಸೈನಿಕರ ಗುರುತಿನ ಚೀಟಿಯಲ್ಲಿ ಮಾತ್ರ ಇನ್ನೂ ಹಳೆಯ ದರ್ಜೆಯೇ ಇದೆ. ಕಾರಿಜೆಂಡಮ್ ಪಿಪಿಒದ ಪ್ರತಿಯೊಂದಿಗೆ ಅದರ ಅರ್ಜಿಯನ್ನು ಕಳೆದ ವಾರ ತಂದೆಯವರೇ ಹೋಗಿ ಕೊಟ್ಟು ಬಂದಿದ್ದಾರೆ.