ಶುಗರ್ ತಂದ ತುರಿಕೆ: ಬೇವಿನ ನೀರು, ಕ್ರೀಮು, ಮಾತ್ರೆ, ಯಾವುದು ಕೆಲಸ ಮಾಡಿತು?

ಶುಗರ್ ಇರುವ ಹೆಂಗಸರು ಕಾಲುರಿ, ಕಣ್ಣು ಮಂಜು ಎಲ್ಲವನ್ನೂ ಹೇಳಿಕೊಳ್ಳುತ್ತಾರೆ. ಕೆಳಗಿನ ತುರಿಕೆ ವಿಷಯ ಬಂದರೆ ಮಾತ್ರ ಬಾಯಿ ಬಿಡುವುದಿಲ್ಲ. ಮದುವೆ ಮನೆಯಲ್ಲಿ ಕೂರಲಾಗದೆ ಎದ್ದು ಹೋದವರು ಯಾಕೆ ಅಂತ ಕೇಳಿದರೆ ಬಿಪಿ ಅನ್ನುತ್ತಾರೆ. ನಾನೂ ಹಾಗೇ ಹೇಳಿದ್ದುಂಟು.

ಒಡೆದ ಮೊಸರಿನಂಥ ಬಿಳಿ, ಉಚ್ಚೆ ಹೋಗುವಾಗ ಉರಿ, ರಾತ್ರಿಯಾದರೆ ಜಾಸ್ತಿಯಾಗುವ ತುರಿಕೆ. ಇದು ಸಾಮಾನ್ಯವಾಗಿ ಕ್ಯಾಂಡಿಡಾ ಎನ್ನುವ ಫಂಗಸ್ಸಿನ ಕೆಲಸ. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದರೆ ಮೂತ್ರದಲ್ಲೂ ಇಳಿಯಲು ಶುರುವಾಗುತ್ತದೆ. ಫಂಗಸ್ಸಿಗೆ ಅದೇ ಊಟ. ಜೊತೆಗೆ ಶುಗರ್ ಏರಿದ ಮೈಗೆ ಸೋಂಕನ್ನು ತಡೆಯುವ ಶಕ್ತಿಯೂ ಕಮ್ಮಿ. ಎಷ್ಟೋ ಜನರಿಗೆ ಶುಗರ್ ಇದೆ ಅಂತ ಗೊತ್ತಾಗುವುದೇ ಈ ತುರಿಕೆಯಿಂದ. ನನಗೂ ಹಾಗೇ ಆಯಿತು.

ಮನೆಮದ್ದುಗಳಲ್ಲಿ ಮೊದಲು ಬಂದದ್ದು ಅತ್ತೆ ಕಾಯಿಸಿಕೊಟ್ಟ ಬೇವಿನ ನೀರು. ತೊಳೆದ ಹೊತ್ತಿಗೆ ಹಾಯ್ ಎನಿಸುತ್ತದೆ, ಆಮೇಲೆ ಚರ್ಮ ಒಣಗಿ ಇನ್ನಷ್ಟು ಕೆರೆತ. ಮೊಸರು ಊಟಕ್ಕೆ ಸರಿ, ಹಚ್ಚಿಕೊಂಡಾಗ ಬರೀ ರಾಡಿಯಾಯಿತು. ಕೊಬ್ಬರಿ ಎಣ್ಣೆಯನ್ನು ನಾನು ಈಗಲೂ ಬಿಟ್ಟಿಲ್ಲ, ಕೆರೆದು ಕೆಂಪಾದ ಹೊರಚರ್ಮಕ್ಕೆ ಒಳ್ಳೆಯದು. ಫಂಗಸ್ಸಿಗೆ ಅದು ಮದ್ದಲ್ಲ, ಅಷ್ಟೆ. ಸುವಾಸನೆಯ ವಾಶ್‌ಗಳಿಗೆ ದುಡ್ಡು ದಂಡ. ಗಾಯಕ್ಕೆ ಹಾಕುವ ಲಿಕ್ವಿಡ್ಡನ್ನು ನೀರಿಗೆ ಬೆರೆಸಿ ತೊಳೆಯುವವರೂ ಇದ್ದಾರೆ. ದಯವಿಟ್ಟು ಬೇಡ. ಒಳಭಾಗ ತನ್ನನ್ನು ತಾನೇ ಶುಚಿಯಾಗಿಟ್ಟುಕೊಳ್ಳುತ್ತದೆ, ಹೊರಗೆ ಬರೀ ನೀರು ಸಾಕು.

ಎಲ್ಲಕ್ಕಿಂತ ಬೇಗ ಆರಾಮ ಕೊಟ್ಟದ್ದು ಮೆಡಿಕಲ್ ಶಾಪಿನವರು ಚೀಟಿ ಕೇಳದೆ ಕೊಟ್ಟ ಕ್ರೀಮು. ಒಂದೇ ರಾತ್ರಿಗೆ ತುರಿಕೆ ಮಾಯ! ನನ್ನ ಪಟ್ಟಿಯಲ್ಲಿ ಕಟ್ಟಕಡೆಯ ಸ್ಥಾನ ಅದಕ್ಕೇ. ಅದರಲ್ಲಿ ಫಂಗಸ್ ಔಷಧದ ಜೊತೆ ಸ್ಟಿರಾಯ್ಡ್ ಬೆರೆಸಿರುತ್ತಾರೆ. ಸ್ಟಿರಾಯ್ಡ್ ಕೆಂಪನ್ನೂ ತುರಿಕೆಯನ್ನೂ ಅಡಗಿಸುತ್ತದೆ, ಆದರೆ ಆ ಜಾಗದ ರಕ್ಷಣೆಯನ್ನೂ ಕುಗ್ಗಿಸುತ್ತದೆ. ಫಂಗಸ್ ಒಳಗೊಳಗೇ ಹಬ್ಬುತ್ತದೆ. ಹಚ್ಚುವುದು ನಿಲ್ಲಿಸಿದ ಮೇಲೆ ನನಗೆ ತೊಡೆಸಂದಿಗೂ ಬಂತು. ತಿಂಗಳುಗಟ್ಟಲೆ ಹಚ್ಚಿದವರ ಚರ್ಮ ತೆಳುವಾಗುತ್ತದೆ. ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ ಅಂತ ಇದ್ದರೆ ವಾಪಸ್ ಕೊಟ್ಟುಬಿಡಿ.

ನಿಜವಾದ ಪೈಪೋಟಿ ಇರುವುದು ನುಂಗುವ ಫ್ಲುಕೋನಜೋಲ್ ಮಾತ್ರೆಗೂ ಒಳಗೆ ಇಡುವ ಕ್ಲೋಟ್ರಿಮಜೋಲ್ ಮಾತ್ರೆಗೂ.

ಫ್ಲುಕೋನಜೋಲ್ 150 ಮಿಲಿಗ್ರಾಂ ತುಂಬಾ ಸುಲಭ. ನುಂಗಿ ನೀರು ಕುಡಿದರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ. ಆದರೆ ತಕ್ಷಣ ಆರಾಮ ಸಿಗುವುದಿಲ್ಲ, ಒಂದೆರಡು ದಿನ ಹಿಡಿಯುತ್ತದೆ. ಶುಗರ್ ಹತೋಟಿಯಲ್ಲಿ ಇಲ್ಲದವರಿಗೆ ಒಂದೇ ಮಾತ್ರೆ ಸಾಲದಿರುವುದೂ ಉಂಟು. ಅಂಥವರಿಗೆ ಡಾಕ್ಟರು 72 ಗಂಟೆಗಳ ಅಂತರದಲ್ಲಿ ಎರಡು ಮೂರು ಮಾತ್ರೆ ಬರೆಯುತ್ತಾರೆ. ನನಗೆ ಒಂದು ಮಾತ್ರೆಗೆ ಇಳಿದದ್ದು ಸ್ವಲ್ಪ ದಿನಕ್ಕೇ ಮತ್ತೆ ಬಂತು. ಇನ್ನೊಂದು ವಿಷಯ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಗ್ಲಿಮೆಪಿರೈಡ್ ಎನ್ನುವ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಫ್ಲುಕೋನಜೋಲ್ ನುಂಗಿದರೆ ಗ್ಲಿಮೆಪಿರೈಡಿನ ಪ್ರಭಾವ ಹೆಚ್ಚಾಗಿ ಶುಗರ್ ಲೋ ಆಗಬಹುದು. ಬೆವರು, ಕೈ ನಡುಕ, ಎದೆ ಡವಡವ. ನಾನು ತೆಗೆದುಕೊಳ್ಳುವುದೂ ಗ್ಲಿಮೆಪಿರೈಡೇ. ಹಾಗಾಗಿ ಆ ದಿನಗಳಲ್ಲಿ ಗ್ಲುಕೋಮೀಟರ್ ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಬಸುರಿಯರಂತೂ ಈ ಮಾತ್ರೆಯನ್ನು ತಾವಾಗಿ ನುಂಗಲೇಬಾರದು.

ಕ್ಲೋಟ್ರಿಮಜೋಲ್ ರಗಳೆಯ ಮದ್ದು. ರಾತ್ರಿ ಮಲಗುವ ಮುಂಚೆ ಒಳಗೆ ಇಡಬೇಕು, ಬೆಳಿಗ್ಗೆ ಬಿಳಿ ಪುಡಿ ಸೋರುತ್ತದೆ, ಪ್ಯಾಡ್ ಬೇಕು. ತುಂಬಿದ ಮನೆಯಲ್ಲಿ ಖಾಲಿ ಸ್ಟ್ರಿಪ್ ಎಲ್ಲಿ ಬಿಸಾಡುವುದು ಅನ್ನುವುದೇ ಒಂದು ಚಿಂತೆ. ಕಾಂಡೋಮ್ ಬಳಸುವವರಿಗೆ ಇನ್ನೊಂದು ಎಚ್ಚರಿಕೆ: ಇದು ರಬ್ಬರನ್ನು ದುರ್ಬಲ ಮಾಡಬಹುದು. ಒಂದೇ ರಾತ್ರಿಯ 500 ಮಿಲಿಗ್ರಾಂ ಗುಳಿಗೆಯೂ ಸಿಗುತ್ತದೆ. ಶುಗರ್ ಏರಿದವರಿಗೆ ಮಾತ್ರ ಸಾಮಾನ್ಯವಾಗಿ 7ರಿಂದ 14 ದಿನದ ಕೋರ್ಸ್ ಕೊಡುತ್ತಾರೆ. ತುರಿಕೆ ನಿಂತ ಕೂಡಲೇ ಸಾಕು ಅನಿಸುತ್ತದೆ, ಅಲ್ವಾ? ಆದರೂ ಕೋರ್ಸ್ ಮುಗಿಸಬೇಕು. ಜೊತೆಗೆ ಹೊರಗೆ ಹಚ್ಚಲು ಅದೇ ಔಷಧದ, ಸ್ಟಿರಾಯ್ಡ್ ಬೆರೆಸದ ಕ್ರೀಮು ಇದ್ದರೆ ಉರಿ ಬೇಗ ಇಳಿಯುತ್ತದೆ. ಗ್ಲಿಮೆಪಿರೈಡ್ ತಂಟೆಯೂ ಇಲ್ಲ. ಇಷ್ಟೆಲ್ಲ ರಗಳೆ ಇದ್ದರೂ ನನ್ನ ಓಟು ಇದಕ್ಕೇ.

ಆದರೂ ಸ್ವಲ್ಪ ಕಾಲದ ಮೇಲೆ ತುರಿಕೆ ಮರಳಿತು. ಈ ಸಲ ಡಾಕ್ಟರು ಕ್ರೀಮು ಬದಲಿಸಲಿಲ್ಲ, ನನ್ನ ಶುಗರ್ ಮಾತ್ರೆಗಳ ಚೀಟಿ ತೆಗೆಸಿ ನೋಡಿದರು. ಅದರಲ್ಲಿ ಡಾಪಾಗ್ಲಿಫ್ಲೋಜಿನ್ ಇತ್ತು. ಇದು ಸಕ್ಕರೆಯನ್ನು ಬೇಕೆಂದೇ ಮೂತ್ರದಲ್ಲಿ ಹೊರಹಾಕಿಸುವ ಮಾತ್ರೆ. ಹೃದಯಕ್ಕೂ ಕಿಡ್ನಿಗೂ ಒಳ್ಳೆಯದು. 2020ರಲ್ಲಿ ಭಾರತದಲ್ಲಿ ಪೇಟೆಂಟ್ ಮುಗಿದ ಮೇಲೆ ಬೆಲೆ ಇಳಿದು, ಈಗ ಎಷ್ಟೋ ಜನರ ಡಬ್ಬಿಯಲ್ಲಿದೆ. ಎಂಪಾಗ್ಲಿಫ್ಲೋಜಿನ್ ಕೂಡ ಇದೇ ಜಾತಿ. ಕೆಳಗಿನ ಫಂಗಸ್ ಇವುಗಳ ಗೊತ್ತಿರುವ ಅಡ್ಡಪರಿಣಾಮ. ಗಂಡಸರಿಗೂ ಮುಂದೊಗಲಿನ ಕೆಳಗೆ ತುರಿಕೆ, ಕೆಂಪು ಬರುತ್ತದೆ, ಅವರು ನಮಗಿಂತಲೂ ಬಾಯಿಬಿಡದವರು.

ಹಾಗಂತ ಆ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಕೆಲವರಿಗೆ ಡಾಕ್ಟರು ಬೇರೆ ಮಾತ್ರೆ ಕೊಡುತ್ತಾರೆ. ಹೃದಯದ, ಕಿಡ್ನಿಯ ತೊಂದರೆ ಇದ್ದವರಿಗೆ ಅದನ್ನೇ ಮುಂದುವರಿಸಿ, ಪ್ರತಿ ಸಲ ತೊಳೆದು ಒರೆಸಿ ಒಣಗಿಸಿಕೊಳ್ಳಲು ಹೇಳುತ್ತಾರೆ. ನನಗೆ ಬದಲಿಸಿದರು. ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಶುಗರ್, ಇಳಿಯುತ್ತಾ ಬಂದ ಹಾಗೆ ತುರಿಕೆಯೂ ಅಪರೂಪವಾಯಿತು. ಹತ್ತಿ ಬಟ್ಟೆಯ ಒಳಉಡುಪಿಗೆ ಬದಲಾದದ್ದೂ ಕೊಂಚ ಸಹಾಯ ಮಾಡಿರಬೇಕು.

ವರ್ಷಕ್ಕೆ ಮೂರು ನಾಲ್ಕು ಸಲ ಮರಳುತ್ತಿದ್ದರೆ ಹೊಸ ಕ್ರೀಮು ಹುಡುಕುವುದನ್ನು ಬಿಟ್ಟು ಸ್ವಾಬ್ ಟೆಸ್ಟ್ (ಹತ್ತಿಕಡ್ಡಿಯಲ್ಲಿ ಸ್ರಾವ ತೆಗೆದು ಲ್ಯಾಬಿನಲ್ಲಿ ನೋಡುವುದು) ಮಾಡಿಸಿ. ಕ್ಯಾಂಡಿಡಾ ಗ್ಲಾಬ್ರಾಟಾ ಎನ್ನುವ ಇನ್ನೊಂದು ಬಗೆ ಶುಗರ್ ಇರುವವರಲ್ಲಿ ಹೆಚ್ಚು, ಅದು ಫ್ಲುಕೋನಜೋಲ್‌ಗೆ ಸುಲಭವಾಗಿ ಜಗ್ಗುವುದಿಲ್ಲ. ಮೀನಿನ ವಾಸನೆ, ಜ್ವರ, ಕಿಬ್ಬೊಟ್ಟೆ ನೋವು ಇದ್ದರೆ ಅದು ಬೇರೆಯದೇ ಸೋಂಕು ಇರಬಹುದು. ಮುಟ್ಟು ನಿಂತ ಮೇಲಿನ ಒಣಗುವಿಕೆಯೂ ಹೀಗೇ ಕೆರೆಯುತ್ತದೆ, ಅದಕ್ಕೆ ಮೇಲೆ ಹೇಳಿದ ಯಾವ ಮದ್ದೂ ನಾಟುವುದಿಲ್ಲ.